ಕೆನಾನನ ಕೂದಲು, ಭಾನುಬೆನ್ ಮಡಿಲು

ಶುಟ್ಕಾ, ಸ್ಕೋಪಿಯೆ
11 ಫೆಬ್ರವರಿ 1996

ಕೊಟೇಚಾ ಸೀರೆ ಅಂಗಡಿಯ ಮಾಲೀಕರಿಗೆ,

ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ಒಂದು ಸೀರೆಗೆ ಅಂಟಿಸಿದ್ದ ಚೀಟಿಯಲ್ಲಿ. ಆ ಸೀರೆ ಈಗ ಸೀರೆಯಾಗಿ ಉಳಿದಿಲ್ಲ. ಅದನ್ನೂ ಅದರ ಜೋಡಿಯನ್ನೂ ಕತ್ತರಿಸಿ ಒಬ್ಬ ಮದುಮಗಳಿಗೆ ಡಿಮಿಯಾ ಹೊಲಿದೆ. ಡಿಮಿಯಾ ಎಂದರೆ ನಮ್ಮ ಹೆಂಗಸರು ಮದುವೆಗೆ ತೊಡುವ ಷರಾಯಿ. ಎರಡು ಸೀರೆ ನುಂಗಿದ ಮೇಲೂ ಇನ್ನೂ ಇದೆಯೇ ಎಂದು ಕೇಳುವಷ್ಟು ಅಗಲ. ಮದುಮಗಳು ಕೂತರೆ ಸೋಫಾ ಕಾಣಿಸಬಾರದು, ಅದು ಅಳತೆ. ಆ ಮದುವೆ ನೋಡಿದ ಮೇಲೆ ನಮ್ಮ ಮೊಹಲ್ಲಾದ ಹುಡುಗಿಯರಿಗೆಲ್ಲ ಅದೇ ಬಟ್ಟೆ ಬೇಕಂತೆ. ಕೆಂಪು ಮತ್ತು ಚಿನ್ನದ ಬಣ್ಣದ್ದು ಎಷ್ಟಿದ್ದರೆ ಅಷ್ಟು ಕಳಿಸಿ.

ನಾನು ಎಲ್ಮಾಜಾ ಡೆಮಿರೋವಾ, ದರ್ಜಿ. ನನ್ನ ಇಂಗ್ಲಿಷು ಹರೆಯದಲ್ಲಿ ಲಂಡನ್ನಿನ ಹೋಟೆಲೊಂದರ ಅಡಿಗೆಮನೆಯಲ್ಲಿ ಕಲಿತದ್ದು. ಪಾತ್ರೆ ತೊಳೆಯುವಷ್ಟು ಗಟ್ಟಿ ಇದೆ, ಪತ್ರ ಬರೆಯುವಷ್ಟು ನಯ ಇಲ್ಲ. ಮನ್ನಿಸಿ.

ಇನ್ನೊಂದು ಮಾತು. ನಾವು ರೋಮಾ ಜನ. ಹೊರಗಿನವರು ಜಿಪ್ಸಿ ಅನ್ನುತ್ತಾರೆ, ಕೋಪ ಬಂದಾಗ ಇನ್ನೂ ಏನೇನೋ. ನಮ್ಮ ಹಿರಿಯರು ಭಾರತ ಬಿಟ್ಟು ಹೊರಟವರು. ನೀವೂ ಅಲ್ಲಿಯವರೇ. ನಾವು ಸ್ವಲ್ಪ ಬೇಗ ಹೊರಟೆವು, ಸಾವಿರ ವರ್ಷದಷ್ಟು. ಆದ್ದರಿಂದ ನೆಂಟರಿಗೆ ಹಾಕುವ ದರವನ್ನೇ ಹಾಕಬೇಕು.

ಬಣ್ಣ ಗಾಢವಿರಲಿ, ಬಟ್ಟೆ ಗಟ್ಟಿಯಿರಲಿ,
ಹುಡುಗಿ ಕುಣಿದರೆ ಹಂಚೂ ಅದುರಲಿ.

(ಹೊಲಿಯುವಾಗ ಹೀಗೆ ಪ್ರಾಸ ಕಟ್ಟುವುದು ಅಭ್ಯಾಸ. ಇದನ್ನು ಬಿಲ್ಲಿಗೆ ಸೇರಿಸಬೇಡಿ.)

ಎಲ್ಮಾಜಾ


ಬೆಲ್‌ಗ್ರೇವ್ ರಸ್ತೆ, ಲೆಸ್ಟರ್
4 ಮಾರ್ಚ್ 1996

ಶ್ರೀಮತಿ ಎಲ್ಮಾಜಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಯಜಮಾನರು ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುವವರು ನಾನೂ ನನ್ನ ಮೈದುನ ಜಮನಾದಾಸನೂ. ಸೀರೆ ಕತ್ತರಿಸಿದರು ಎಂದು ಕೇಳಿ ಅವನಿಗೆ ಎದೆ ನೋವು ಬಂತು. ಎಷ್ಟು ಸೀರೆ ಬೇಕಂತೆ ಎಂದು ಹೇಳಿದೆ, ನೋವು ಹೋಯಿತು.

ಕೆಂಪು ಮತ್ತು ಚಿನ್ನದ ಬಣ್ಣದ ಬಟ್ಟೆ ಕಳಿಸಿದ್ದೇನೆ. ಜೊತೆಗೆ ಸ್ವಲ್ಪ ಸಮುದ್ರ ಹಸಿರು ಕೂಡ. ಅದು ಇಲ್ಲಿ ಯಾರಿಗೂ ಹಿಡಿಸಿಲ್ಲ, ನಿಮಗೆ ಹಿಡಿಸಬಹುದು. ನಮ್ಮಲ್ಲಿ ಎಲ್ಲವೂ ಭಾರತದ ಅಸಲಿ ಮಾಲು. ನಮ್ಮದು ರಾಜ್‌ಕೋಟ್ ಕಡೆ.

ನೆಂಟರ ದರ ನಮ್ಮಲ್ಲಿ ಹೆಚ್ಚು, ಗಿರಾಕಿಗಳ ದರ ಕಡಿಮೆ. ನಿಮಗೆ ಗಿರಾಕಿಗಳ ದರವನ್ನೇ ಹಾಕಿದ್ದೇನೆ.

ಭಾನುಮತಿ ಕೊಟೇಚಾ


ಶುಟ್ಕಾ
20 ಏಪ್ರಿಲ್ 1996

ಪ್ರಿಯ ಭಾನುಬೆನ್ ಅವರಿಗೆ,

ಬೆನ್ ಎಂದರೆ ಅಕ್ಕ ಅಂತ ಸಿನಿಮಾ ನೋಡಿ ಗೊತ್ತು. ನಾವು ಫೇನ್ ಅನ್ನುತ್ತೇವೆ. ಇದನ್ನು ಹೇಳಿದಾಗ ನಮ್ಮ ಮೊಹಲ್ಲಾದ ಹಿರಿಯ ಫೆರೂಜ್ ಮಾವ ಮೇಜು ಗುದ್ದಿ, "ನಾನ್ ಹೇಳ್ಲಿಲ್ವೇನ್ರೇ!" ಎಂದ. ಅವನು ಏನು ಹೇಳಿದ್ದ ಎಂಬುದು ಯಾರಿಗೂ ನೆನಪಿಲ್ಲ, ಅವನಿಗೂ ಇಲ್ಲ.

ನಿಮ್ಮ ಕಟ್ಟು ಬಂದಿದೆ, ಆದರೆ ನನ್ನ ಮನೆಗೆ ಬಂದಿಲ್ಲ. ಸುಂಕದವರು ಇದು ಬಟ್ಟೆಯೋ ಉಡುಪೋ ಎಂದು ಯೋಚಿಸುತ್ತಿದ್ದಾರೆ. ಯೋಚನೆ ಅವರಿಗೆ ಹೊಸತು, ತಡವಾಗುತ್ತದೆ. ಮುಂದಿನ ಸಲ ಯಾರಾದರೂ ಕೈಯಲ್ಲೇ ತಂದರೆ ಒಳ್ಳೆಯದು.

ಎಲ್ಲರೂ ನಿಮ್ಮನ್ನು ಕೇಳು ಎನ್ನುತ್ತಾರೆ: ರಾಜ್‌ಕೋಟಿನಲ್ಲಿ ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ಹೇಗಿರುತ್ತದೆ? ನಿಮ್ಮ ಹಳೇ ಮನೆಯ ಅಂಗಳದಲ್ಲಿ ಏನು ಮರ?

ಕಟ್ಟು ಸುಂಕದ ಕಟ್ಟೆಯಲ್ಲಿ,
ಸಿಟ್ಟು ನನ್ನ ಹೊಟ್ಟೆಯಲ್ಲಿ.

ಎಲ್ಮಾಜಾ


ಲೆಸ್ಟರ್
9 ಜೂನ್ 1996

ಎಲ್ಮಾಜಾ ಅವರಿಗೆ,

ವಾಸನೆ ಅಂಚೆಯಲ್ಲಿ ಬರುವುದಿಲ್ಲ. ಮರ ಇತ್ತು.

ಮದುವೆಗಳ ಕಾಲ ಬಂತಲ್ಲ, ಅದಕ್ಕೆ ಹೊಸ ಕಟ್ಟನ್ನು ನನ್ನ ಮಗ ವಿಪುಲನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಪ್ಪತ್ತೆಂಟು ವರ್ಷ, ಮಾತು ಕಡಿಮೆ, ಹಸಿವು ಜಾಸ್ತಿ. ಮಾಂಸ ಮುಟ್ಟುವುದಿಲ್ಲ. ಮನೆಯಲ್ಲಂತೂ ಮುಟ್ಟುವುದಿಲ್ಲ; ಹೊರಗಿನ ವಿಷಯ ನಾನು ಕೇಳುವುದಿಲ್ಲ, ಅವನು ಹೇಳುವುದಿಲ್ಲ, ಇಬ್ಬರಿಗೂ ನೆಮ್ಮದಿ. ಬುತ್ತಿಗೆ ನಮ್ಮ ಮೆಂತ್ಯದ ರೊಟ್ಟಿ ಥೇಪ್ಲಾ ಕಟ್ಟಿದ್ದೇನೆ, ನಿಮಗೂ ಇದೆ. ನಾಲ್ಕು ದಿನದಲ್ಲಿ ವಾಪಸ್ ಕಳಿಸಿ. ಅಂಗಡಿಯ ವ್ಯಾನು ಓಡಿಸಲು ಬೇರೆ ಯಾರೂ ಇಲ್ಲ. ಜಮನಾದಾಸ ಓಡಿಸಿದರೆ ವ್ಯಾನು ಇರುವುದಿಲ್ಲ.

ಭಾನುಮತಿ


ಶುಟ್ಕಾ
7 ಜುಲೈ 1996

ಭಾನುಬೆನ್,

ಬಟ್ಟೆ ತಲುಪಿತು, ಮಗನೂ ತಲುಪಿದ. ಸಮುದ್ರ ಹಸಿರು ಮತ್ತೆ ಯಾಕೆ?

ವಿಪುಲ ಇನ್ನೂ ಇಲ್ಲೇ ಇದ್ದಾನೆ. ಮೊದಲು ಬಟ್ಟೆ ಎಣಿಸಬೇಕು ಎಂದ. ಎಣಿಸಿದ. ಆಮೇಲೆ ಅಳೆಯಬೇಕು ಎಂದ. ಅಳೆದ. ಈಗ ಹೊಲಿಗೆ ಹೇಗೆ ಬೀಳುತ್ತದೆ ನೋಡಬೇಕು, ಅಂಗಡಿಗೆ ಉಪಯೋಗ ಆಗುತ್ತದೆ ಎನ್ನುತ್ತಿದ್ದಾನೆ. ನನ್ನ ಕಿರಿಯ ಮಗಳು ಶೆನಾಯ್ ನನ್ನ ಜೊತೆಯೇ ಹೊಲಿಯುತ್ತಾಳೆ. ಸಂಜೆ ಹೊತ್ತು ಅವನಿಗೆ ಊರು ತೋರಿಸಲು ಕರೆದುಕೊಂಡು ಹೋಗುತ್ತಾಳೆ. ನಮ್ಮ ಊರು ನೋಡಲು ಅರ್ಧ ದಿನ ಸಾಕು, ಅದರಲ್ಲೂ ಕಾಫಿಗೆ ಸಮಯ ಉಳಿಯುತ್ತದೆ. ಇವರು ಎರಡನೇ ವಾರ ನೋಡುತ್ತಿದ್ದಾರೆ.

ಸುಟ್ಟ ಕೆಂಪು ಮೆಣಸಿನ ಗೊಜ್ಜು ಅಂದರೆ ಹುಡುಗನಿಗೆ ಪ್ರಾಣ. ನಿನ್ನೆ ನನ್ನ ಹಿರಿಮಗ ನೆಹಾತ್ ಕೇಳಿದ, "ಏನಪ್ಪಾ ವಿಪುಲ, ಮೆಣಸು ತಿಂದು ಕಣ್ಣು ಕೆಂಪಾಯ್ತಾ, ಇಲ್ಲಾ ನಿದ್ದೆ ಇಲ್ದೇನಾ?" ಶೆನಾಯ್ ಸೂಜಿ ಚುಚ್ಚಿಕೊಂಡಳು. ನಾನು ಏನನ್ನೂ ನೋಡಲಿಲ್ಲ, ನೀವು ಕೂಡ ಈ ಪತ್ರ ಓದಿಲ್ಲ.

ಬಟ್ಟೆ ಇಳಿಸಿ ಕೊಟ್ಟ, ಚೀಟಿ ಬರೆದು ಇಟ್ಟ,
ವಾಪಸ್ ಹೋಗುವ ಮಾತನ್ನು ಮಾತ್ರ ಮರೆತೇಬಿಟ್ಟ.

ಎಲ್ಮಾಜಾ


ಲೆಸ್ಟರ್
18 ಆಗಸ್ಟ್ 1996

ಎಲ್ಮಾಜಾ,

ಬಂದಿದ್ದಾನೆ. ಬಂದಿರುವುದು ಅವನ ಅಂಗಿ, ಪ್ಯಾಂಟು ಮತ್ತು ಹಸಿವು. ಉಳಿದದ್ದೆಲ್ಲ ನಿನ್ನ ಮನೆಯ ಹೊಲಿಗೆ ಯಂತ್ರದ ಪಕ್ಕದಲ್ಲೇ ಬಿಟ್ಟು ಬಂದಿದ್ದಾನೆ. ಗಿರಾಕಿ ನೀಲಿ ಕೇಳಿದರೆ ಕೆಂಪು ತೆಗೆಯುತ್ತಾನೆ. ನಾನೂ ಒಂದು ಪ್ರಾಸ ಕಟ್ಟಿದ್ದೇನೆ, ನಗಬೇಡ:

ಮಗ ಬಂದ, ಮನಸ್ಸು ಬರಲಿಲ್ಲ,
ರೋಟ್ಲಿ ತಿಂದ, ರುಚಿ ತಿಳಿಯಲಿಲ್ಲ.

ನೀನು ಎಂದು ಬರೆದುಬಿಟ್ಟೆ. ಇರಲಿ, ಇನ್ನು ಅಳಿಸುವುದಿಲ್ಲ.

ಕೇಳಿದಾಗ ಬಾಯಿ ಬಿಟ್ಟ. ಶೆನಾಯ್ ಬಿಟ್ಟು ಬೇರೆ ಯಾರೂ ಬೇಡವಂತೆ. ಜಮನಾದಾಸ ಗೊಣಗಿದ: "ಅತ್ಗೇ, ಅವ್ರು ಮಾಂಸ ತಿನ್ನೋರು, ನಮಾಜ್ ಮಾಡೋರು." ನಾನೆಂದೆ: "ಮಾಡ್ತಾರಪ್ಪ. ನಮ್ಮ ಅಂಗಡಿ ಬಟ್ಟೆ ಉಟ್ಕೊಂಡೇ ಮಾಡ್ತಾರೆ. ನಿಂಗೇನು ಕಷ್ಟ?" ಅವನು ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದಾನೆ. ಲೆಕ್ಕ ಹಾಕುತ್ತಿದ್ದಾನೆ ಅನ್ನಿಸುತ್ತದೆ.

ಮದುವೆಯ ಮಾತು ಅಂಚೆಯಲ್ಲಿ ಆಡುವಂಥದ್ದಲ್ಲ. ನೆಹಾತನ ಮಗುವಿಗೆ ಬರುವ ಮೇ ತಿಂಗಳಲ್ಲಿ ಮೊದಲ ಸಲ ಕೂದಲು ತೆಗೆಸುತ್ತೀರಿ ಎಂದು ವಿಪುಲ ಹೇಳಿದ. ಆಗ ನಾನೇ ಬರುತ್ತೇನೆ. ಹುಡುಗಿಯನ್ನು ನೋಡಿ, ನಿನ್ನ ಎದುರು ಕೂತು ಕೇಳುತ್ತೇನೆ.

ಭಾನು


ಶುಟ್ಕಾ
2 ಏಪ್ರಿಲ್ 1997

ಭಾನು,

ಬಾ. ನಮ್ಮ ವಸಂತದ ಹಬ್ಬ ಎರ್ದೆಲೆಜಿಗೆ ಸರಿಯಾಗಿ ಬಾ. ಮನೆಗೆ ಸುಣ್ಣ ಬಳಿದಿದ್ದೇನೆ. ಬಾಗಿಲಿಗೆ ಕಟ್ಟಲು ಹಸಿರು ಕೊಂಬೆ ತರುವ ಹುಡುಗಿಯರ ಸಾಲಿನಲ್ಲಿ ಶೆನಾಯ್ ಮುಂದೆ ನಿಂತಿದ್ದಾಳೆ.

ಒಂದು ಸಣ್ಣ ತೊಂದರೆ. ನೀನು ಬರುವ ಸುದ್ದಿ ಹೇಗೋ ಹಬ್ಬಿದೆ. ಲೆಸ್ಟರಿನಿಂದ ಬರುತ್ತಾಳೆ ಎಂದು ನಾನು ಹೇಳಿದ್ದು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಭಾರತದಿಂದ ಬರುತ್ತಾಳೆ ಎಂದಾಗಿದೆ. ಫೆರೂಜ್ ಮಾವ ವಾದ್ಯದವರಿಗೆ ಹೇಳಿಟ್ಟಿದ್ದಾನೆ. ನೀನು ಸುಮ್ಮನೆ ನಗುತ್ತಿರು, ಉಳಿದದ್ದು ಅವರೇ ಮಾಡಿಕೊಳ್ಳುತ್ತಾರೆ.

ಬಾ ಎಂದರೆ ಬರಬೇಕು, ಬಂದರೆ ಉಣ್ಣಬೇಕು,
ಉಂಡರೆ ಹುಡುಗಿ ಕೇಳಬೇಕು, ಕೇಳಿದರೆ ಕೊಡಬೇಕು.

ನಿನ್ನ ಎಲ್ಮಾಜಾ


ಲೆಸ್ಟರ್
19 ಮೇ 1997

ಎಲ್ಮಾಜಾ,

ಸುಖವಾಗಿ ತಲುಪಿದೆ. ಕಿವಿಯಲ್ಲಿ ಇನ್ನೂ ಡೋಲು ಬಡಿಯುತ್ತಿದೆ. ಜನ್ಮದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆ ಮಾಡಿರಲಿಲ್ಲ. ಬಸ್ಸಿನಿಂದ ಇಳಿದಾಗ ನಿಮ್ಮ ಎದುರುಮನೆಯ ಅಜ್ನೂರ್ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, "ಇಂಡಿಯಾ ಮುಟ್ಬಿಟ್ಟೆ ಕಣ್ರೇ!" ಎಂದಾಗ ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಂಗಳದಲ್ಲಿ ಕಟ್ಟಿದ್ದ ಕುರಿಮರಿಗೆ ನಾನು ಥೇಪ್ಲಾ ತಿನ್ನಿಸಿದೆ, ಹೆಸರೂ ಇಟ್ಟೆ. ಮರುದಿನ ಅದು ಕಾಣಿಸಲಿಲ್ಲ. ನಾನು ಕೇಳಲಿಲ್ಲ. ನೀನು ನನಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಅವರೆಕಾಳು ಬೇಯಿಸಿದ್ದು ನೋಡಿದೆ. ಅದನ್ನೂ ಕೇಳಲಿಲ್ಲ. ಮರೆಯುವುದಿಲ್ಲ.

ಕೂದಲು ತೆಗೆಸಿದ ಗಳಿಗೆ ಮಾತ್ರ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ. ನೆಹಾತನ ಪುಟ್ಟ ಕೆನಾನ್ ಕುರ್ಚಿಯ ಮೇಲೆ ರಾಜನ ಹಾಗೆ ಕೂತಿದ್ದ. ಕೂದಲು ಬೀಳಲೆಂದು ಅಜ್ನೂರ್ ತಟ್ಟೆ ಹಿಡಿದು ನಿಂತಿದ್ದಳು. ಕ್ಷೌರಿಕ ಕತ್ತರಿ ಎತ್ತಿದ್ದೇ ತಡ, ಡೋಲಿನವನ ಸಿಗರೇಟಿನ ಕಿಡಿ ಅವಳ ಡಿಮಿಯಾ ಮೇಲೆ ಬಿತ್ತು. ನಮ್ಮ ಅಂಗಡಿಯ ಬಟ್ಟೆ, ಬೇಗ ಹತ್ತಿಕೊಳ್ಳುವ ಜಾತಿ. ಅವಳು ತಟ್ಟೆ ಬಿಟ್ಟು ಕಿಡಿ ಬಡಿದಳು. ಕೂದಲು ನೆಲಕ್ಕೆ ಬೀಳುತ್ತಿತ್ತು. ನಮ್ಮಲ್ಲಿ ಮಗುವಿನ ಮೊದಲ ಕೂದಲು ನೆಲ ಮುಟ್ಟಬಾರದು, ಸೋದರತ್ತೆ ಮಡಿಲು ಒಡ್ಡಬೇಕು. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಡ್ಡಿ ಒಡ್ಡಿ ನನಗೆ ರೂಢಿ. ನೀವು ಕೂರಿಸಿದ್ದೂ ಮುಂದಿನ ದಿಂಬಿನ ಮೇಲೆಯೇ. ಯೋಚಿಸುವ ಮೊದಲೇ ಸೆರಗು ಹಾಸಿಬಿಟ್ಟಿದ್ದೆ, ಕೂದಲೆಲ್ಲ ನನ್ನ ಮಡಿಲಿಗೆ ಬಿತ್ತು. ಎಂಥ ಕೂಗು ಎದ್ದಿತು! ಫೆರೂಜ್ ಮಾವ ಕುರ್ಚಿ ಹತ್ತಿ, "ನೋಡ್ರೋ! ಯಾರೂ ಹೇಳ್ಕೊಡದೇನೇ ಹಾಸಿದ್ಲು! ರಕ್ತ ಮರೆಯಲ್ಲ ಕಣ್ರೋ!" ಎಂದು ಕಣ್ಣೀರು ಹಾಕಿದ. ಕೂದಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಯಾರೂ ವಾಪಸ್ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಆದರೆ ಎಲ್ಮಾಜಾ, ಆಮೇಲೆ ನಿನಗೆ ಏನಾಯಿತು? ನಾನು ಬಂದದ್ದು ಒಂದು ಮಾತು ಕೇಳಲು. ಬಾಯಿ ತೆರೆದಾಗಲೆಲ್ಲ ನೀನು "ನಾಳೆ ಮಾತಾಡೋಣ, ಮೊದ್ಲು ಕಾಫಿ ಕುಡಿ" ಎಂದೆ. ಕಾಫಿ ಕುಡಿದು ಕುಡಿದು ವಿಮಾನದ ಹೊತ್ತಾಯಿತು. ಶೆನಾಯ್ ನನ್ನನ್ನು ತಬ್ಬಿಕೊಂಡು ಅತ್ತಳು. ಬೀಳ್ಕೊಡುವ ಅಳು ಅದಲ್ಲ.

ಭಾನು


ಶುಟ್ಕಾ
8 ಜೂನ್ 1997

ನಮ್ಮ ಗೌರವದ ಕಿರ್ವಿ ಭಾನುಮತಿ ಅವರಿಗೆ,

ಈಗ ನೀವು ನಮಗೆ ಕಿರ್ವಿ. ಕೆನಾನನಿಗೆ ಹೆತ್ತವರಷ್ಟೇ ದೊಡ್ಡವರು. ನಮ್ಮಲ್ಲಿ ಅದಕ್ಕಿಂತ ಮೇಲಿನ ನೆಂಟಸ್ತಿಕೆ ಇಲ್ಲ. ಎಲ್ಲರೂ ನಿಮಗೆ ಸಲಾಮು ಹೇಳಿದ್ದಾರೆ.

ವಿಪುಲ ಇನ್ನು ಫೋನು ಮಾಡದಿದ್ದರೆ ಒಳ್ಳೆಯದು. ಶೆನಾಯ್ ಚೆನ್ನಾಗಿದ್ದಾಳೆ.

ಎಲ್ಮಾಜಾ


ಲೆಸ್ಟರ್
1 ಜುಲೈ 1997

ಎಲ್ಮಾಜಾ ಅವರಿಗೆ,

ನಿಮ್ಮ ಪತ್ರ ಬಂತು. ಪ್ರಾಸ ಇಲ್ಲ, "ನೀನು" ಎಂಬ ಮಾತೂ ಇಲ್ಲ. ಇಂಥ ಗೌರವ ನಮ್ಮ ತೆರಿಗೆ ಇಲಾಖೆಯವರೂ ಕೊಡುತ್ತಾರೆ.

ಹುಡುಗ ಬೇಡ ಎಂದರೆ ಬೇಡ ಎನ್ನಿ. ಅಂಗಡಿಯವರ ಮಗ ಎಂದೋ? ಗೊಜ್ಜು ತಿಂದು ಬದುಕುವ ಮನೆಗೆ ಹುಡುಗಿ ಹೇಗೆ ಕೊಡುವುದು ಎಂದೋ? ಅಥವಾ ನನ್ನನ್ನು ಹತ್ತಿರದಿಂದ ನೋಡಿದ ಮೇಲೆ ನಿಮ್ಮ ಭಾರತ ಇಷ್ಟು ಕುಳ್ಳಗೆ, ಇಷ್ಟು ದಪ್ಪಗೆ ಇರುತ್ತದೆ ಎಂದು ಬೇಜಾರಾಯಿತೋ? ಏನೇ ಇರಲಿ, ಬರೆಯಿರಿ. ಹುಡುಗ ವ್ಯಾನಿನಲ್ಲಿ ಕೂತು ಎಂಜಿನ್ ಹಾಕದೆ ಸ್ಟೇರಿಂಗ್ ಹಿಡಿದಿರುತ್ತಾನೆ. ಅವನಿಗೆ ಒಂದು ಉತ್ತರ ಕೊಡಬೇಕು.

ಭಾನುಮತಿ ಕೊಟೇಚಾ


ಶುಟ್ಕಾ
20 ಜುಲೈ 1997

ಭಾನು, ನನ್ನ ಬಂಗಾರ, ದಪ್ಪ ಕುಳ್ಳಿ,

ನಿನಗೆ ಬೇಜಾರಾಗುತ್ತದೆ ಎಂದು ಮುಚ್ಚಿಟ್ಟೆ. ನೋಡಿದರೆ ಮುಚ್ಚಿಟ್ಟದ್ದಕ್ಕೇ ಬೇಜಾರಾಗಿದೆ.

ಕೇಳು. ನಮ್ಮಲ್ಲಿ ಮಗುವಿನ ಮೊದಲ ಕೂದಲನ್ನು ಯಾರು ಹಿಡಿಯುತ್ತಾರೋ ಅವಳೇ ಕಿರ್ವಿ. ಅವಳು ಅದನ್ನು ತನ್ನ ಮನೆಯ ಪೆಟ್ಟಿಗೆಯಲ್ಲಿ ಆ ಮಗುವಿನ ಮದುವೆಯವರೆಗೂ ಕಾಪಾಡಬೇಕು. ಅಂದಿನಿಂದ ಅವಳ ಮನೆ, ಮಗುವಿನ ಮನೆ ಎರಡೂ ಒಂದೇ ಮನೆ. ಒಂದೇ ಮನೆ ಎಂದ ಮೇಲೆ ಮಕ್ಕಳೆಲ್ಲ ಅಣ್ಣತಂಗಿ. ಹೆಣ್ಣು ಕೊಡುವ ಹಾಗಿಲ್ಲ, ತರುವ ಹಾಗಿಲ್ಲ. ಕಿರ್ವಿ ಆಗಬೇಕಿದ್ದವಳು ಅಜ್ನೂರ್. ಅವಳ ಮಕ್ಕಳೆಲ್ಲ ಮದುವೆಯಾದವರು, ಯಾರಿಗೂ ತೊಂದರೆ ಇರಲಿಲ್ಲ. ನಡುವೆ ನಿನ್ನ ಸುಡುಗಾಡು ಬಟ್ಟೆ ಹೊತ್ತಿಕೊಂಡಿತು, ನಿನ್ನ ಸೆರಗು ಬಿಚ್ಚಿಕೊಂಡಿತು. ಎಲ್ಲರೂ ಕೂಗಿದ್ದು ಸಂತೋಷಕ್ಕೆ. ನಾನು ಮತ್ತು ಶೆನಾಯ್ ಕೂಗಿದ್ದು ಬೇರೆ.

ಆವತ್ತಿನಿಂದ ಹುಡುಗಿ ಅನ್ನದ ತಟ್ಟೆಯನ್ನು ದೂಡುತ್ತಾಳೆ. ಕಾಲರ್ ಕತ್ತರಿಸಿ ಅಂಗಿಯ ತೋಳಿಗೆ ಹೊಲಿಯುತ್ತಾಳೆ. ಕೊನೆಗೆ ಫೆರೂಜ್ ಮಾವನ ಹತ್ತಿರ ಹೋದೆ. "ಮಾವಾ, ಆ ಹೆಂಗಸಿಗೆ ಗೊತ್ತಿರ್ಲಿಲ್ಲ. ಆಯತಪ್ಪಿ ಆದದ್ದು. ಬಿಡಿಸಿಕೊಡು" ಎಂದೆ. ಅವನು, "ಗೊತ್ತಿರ್ಲಿಲ್ವಾ? ಅವ್ಳಿಗಲ್ದೆ ಇನ್ಯಾರಿಗೆ ಗೊತ್ತಿರುತ್ತಮ್ಮಾ? ಪದ್ಧತಿ ಹುಟ್ಟಿದ ಊರಿಂದ ಬಂದೋಳು" ಎಂದ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಅಲ್ಲಿ ಹಂಗಲ್ಲ, ಕೂದಲು ಹಿಡಿದ ಮನೆಗೂ ಹೆಣ್ಣು ಕೊಡಬಹುದು ಅಂತ ಅವಳೇ ಬರೆದರೆ ನಾನ್ಯಾರು ಬೇಡ ಅನ್ನೋಕೆ?" ಎಂದ.

ಆದ್ದರಿಂದ ಭಾನು, ಒಂದೇ ಸಾಲು ಬರೆ. "ಭಾರತದಲ್ಲಿ ಹಾಗೆ ಕೊಡುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ" ಎಂದು. ನಿಜವೋ ಸುಳ್ಳೋ ನಾನು ಕೇಳುವುದಿಲ್ಲ. ನೀನು ಬರೆದದ್ದು ಇಲ್ಲಿ ಶಾಸನ.

ಎಲ್ಮಾಜಾ


ಲೆಸ್ಟರ್
12 ಆಗಸ್ಟ್ 1997

ಎಲ್ಮಾಜಾ,

ಆ ಒಂದು ಸಾಲನ್ನು ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ವಿಪುಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಬರ್ದುಬಿಡು ಬಾ, ಒಂದು ಸಾಲು ತಾನೆ" ಎಂದ. (ನಮ್ಮಲ್ಲಿ ತಾಯಿಗೆ ಬಾ ಎನ್ನುತ್ತಾರೆ.) ನನ್ನ ಪೆನ್ನು ಓಡಲಿಲ್ಲ. ಕಣ್ಣಾರೆ ಕಂಡಿದ್ದೇನೆ ಎಂದು ಹೇಗೆ ಬರೆಯಲಿ? ನಾನು ಭಾರತವನ್ನೇ ಕಂಡಿಲ್ಲ.

ಹೌದು. ನಾನು ಹುಟ್ಟಿದ್ದು ಉಗಾಂಡಾದ ಜಿಂಜಾ ಊರಿನಲ್ಲಿ. ರಾಜ್‌ಕೋಟ್ ಬಿಟ್ಟು ಬಂದವನು ನನ್ನ ಅಜ್ಜ. ನೀನು ಕೇಳಿದ ಅಂಗಳದಲ್ಲಿ ಇದ್ದದ್ದು ಮಾವಿನ ಮರ, ಆದರೆ ಆಫ್ರಿಕಾದ ಮಾವು. 1972ರಲ್ಲಿ ಒಂದು ದಿನ ಅಲ್ಲಿನ ಸರ್ಕಾರದವರು ರೇಡಿಯೋದಲ್ಲಿ, ನಿಮ್ಮ ದೇಶಕ್ಕೆ ನೀವು ಹೋಗಿ ಎಂದರು. ನಮ್ಮ ದೇಶ ಯಾವುದು ಎಂದು ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೈಗೆ ಸಿಕ್ಕಷ್ಟು ತುಂಬಿಕೊಂಡು ಇಲ್ಲಿ ಬಂದಿಳಿದರೆ ಇಲ್ಲಿನ ಬಸ್ಸಿನಲ್ಲೂ ಒಬ್ಬ ಅದೇ ಮಾತು ಹೇಳಿದ. ಅಂಗಡಿ ತೆರೆದಾಗ ಗೋಡೆಗೆ ತಾಜಮಹಲಿನ ಚಿತ್ರ ಹಾಕಿದೆವು. ಗಿರಾಕಿಗಳು ಕೇಳಿದರೆ ನಮ್ಮದು ರಾಜ್‌ಕೋಟ್ ಎನ್ನುತ್ತೇನೆ. ಹೇಳಿ ಹೇಳಿ ನನಗೂ ಅದೇ ರೂಢಿಯಾಯಿತು. ನಿನ್ನ ಜನ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಾಗ ಹೇಳಬೇಕಿತ್ತು. ಎಲ್ಮಾಜಾ, ಅಷ್ಟು ಚೆನ್ನಾಗಿತ್ತು, ಹೇಳಲು ಮನಸ್ಸು ಬರಲಿಲ್ಲ.

ಆದ್ದರಿಂದ ಭಾರತದಲ್ಲಿ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲ. ನನ್ನ ಅಮ್ಮ ಜಿಂಜಾದಲ್ಲಿ ಏನು ಮಾಡುತ್ತಿದ್ದಳು ಎಂಬುದಷ್ಟೇ ಗೊತ್ತು. ಸೋದರತ್ತೆ ಕೂದಲು ಹಿಡಿಯುತ್ತಾಳೆ, ಮನೆಯಲ್ಲಿ ಇಡುವುದಿಲ್ಲ, ಹರಿಯುವ ನೀರಿಗೆ ಬಿಡುತ್ತಾಳೆ. ಅಮ್ಮ ನೈಲ್ ನದಿಗೆ ಬಿಡುತ್ತಿದ್ದಳು. ನಾನು ಇಲ್ಲಿನ ಸೋರ್ ಹೊಳೆಗೆ ಬಿಟ್ಟೆ, ಊರಿಗೆ ಬಂದ ಮೊದಲ ಭಾನುವಾರವೇ. ಒಂದು ದೀಪ, ನಾಲ್ಕು ಹೂವು, ಕೆನಾನನ ಕೂದಲು. ಬಾತುಕೋಳಿಗಳು ತಿನ್ನಲು ಬಂದವು. ಜಮನಾದಾಸ ಕೊಡೆಯಿಂದ ಓಡಿಸಿದ.

ಪೆಟ್ಟಿಗೆಯಲ್ಲಿ ಕಾಪಾಡಬೇಕಿತ್ತು ಎಂದು ನಿನ್ನ ಪತ್ರ ಓದಿಯೇ ತಿಳಿದದ್ದು. ಮಗುವಿಗೆ ಅಶುಭವಾಯಿತೋ ಎಂದು ಹೆದರಿಕೆಯಾಗುತ್ತಿದೆ. ಈ ಪತ್ರವನ್ನು ಎಲ್ಲರಿಗೂ ಓದಿ ಹೇಳು. ಬೈಯುವವರು ಬೈಯಲಿ. ನಿಮ್ಮ ಅಂಗಳದಲ್ಲಿ ಸುಳ್ಳು ಹೇಳಿ ಸೊಸೆ ತಂದುಕೊಂಡರೆ ಆ ಹುಡುಗಿಯ ಮುಖ ಹೇಗೆ ನೋಡಲಿ?

ಭಾನು


ಶುಟ್ಕಾ
31 ಆಗಸ್ಟ್ 1997

ಭಾನು! ಭಾನು! ಭಾನು!

ಕೂತುಕೊಂಡು ಓದು.

ನಿನ್ನ ಪತ್ರವನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ಫೆರೂಜ್ ಮಾವ ಚಹಾದ ಲೋಟ ಹಿಡಿದು ಕೂತಿದ್ದ. ಭಾರತ ಕಂಡಿಲ್ಲ ಎಂಬ ಸಾಲು ಬಂದಾಗ ಎಲ್ಲರೂ ಉಸಿರು ಬಿಟ್ಟ ಸದ್ದು ಕೇಳಿಸಿತು.

"ಅಯ್ಯೋ ನನ್ ಕರ್ಮ! ಹಂಗಾದ್ರೆ ನಾನು ಅವತ್ತು ಮುಟ್ಟಿದ್ದು ಯಾವ ದೇಶಾನೇ?" ಎಂದಳು ಅಜ್ನೂರ್.

"ಲೆಸ್ಟರ್ ಮುಟ್ಟಿದ್ದೀಯ, ಸುಮ್ನಿರು" ಎಂದ ನೆಹಾತ್.

ಯಾರೋ ನಕ್ಕರು, ಯಾರೋ ಗದರಿದರು. ನಾನು ಉಗಾಂಡಾ, ರೇಡಿಯೋ, ಬಸ್ಸು ಎಲ್ಲ ಓದಿದೆ. ಫೆರೂಜ್ ಮಾವ ಲೋಟ ಕೆಳಗಿಟ್ಟ. "ಇನ್ನೊಂದ್ಸಲ ಓದು" ಎಂದ. ಓದಿದೆ. ಆಗ ಅವನು ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ:

"ಅಜ್ಜ ಅಲ್ಲಿಂದ ಹೊರಟ. ಇವ್ಳು ಇನ್ನೊಂದು ದೇಶದಾಗೆ ಹುಟ್ಟಿದ್ಲು. ಅಲ್ಲಿಂದ ಓಡಿಸಿದ್ರು, ಮೂರನೇ ದೇಶಕ್ಕೆ ಬಂದ್ಲು. ಅಲ್ಲೂ ಹೋಗು ಅಂದ್ರು, ಇವ್ಳು ಹೋಗ್ದೆ ಬಟ್ಟೆ ಮಾರ್ತಾ ಕೂತ್ಲು. ಇಂಡಿಯಾದೋಳು ಅಂದ್ಕೊಂಡು ನಾವು ಅವ್ಳಿಗೆ ಡೋಲು ಬಾರಿಸಿದ್ವಲ್ರೋ, ಇವ್ಳು ನಮ್ಮೋಳೇ ಕಣ್ರೋ! ಮನೆಯೋಳಿಗೆ ಯಾರಾದ್ರೂ ಡೋಲು ಬಾರಿಸ್ತಾರಾ?"

ಕೂದಲಿನ ವಿಷಯ ಬಂತು. ಹೊಳೆ, ದೀಪ, ಬಾತುಕೋಳಿ ಓದಿದೆ. ಶೆನಾಯ್ ಬಾಗಿಲ ಹಿಂದೆ ನಿಂತಿದ್ದಳು, ಅವಳ ಬೆರಳು ಮಾತ್ರ ಕಾಣುತ್ತಿತ್ತು. ಫೆರೂಜ್ ಮಾವ ಮೀಸೆ ತಿರುವಿದ. "ಇಟ್ಕೊಂಡೋಳು ಕಿರ್ವಿ. ಇವ್ಳು ಇಟ್ಕೊಂಡಿಲ್ಲ, ನೀರಿಗೆ ಬಿಟ್ಟವ್ಳೆ. ನೀರು ಯಾರ ಮನೆ? ಯಾರ ಮನೇನೂ ಅಲ್ಲ. ಕೂದಲು ಇಲ್ಲ, ಪೆಟ್ಟಿಗೆ ಇಲ್ಲ, ಕಿರ್ವಿ ಆಗಿಲ್ಲ. ಮಗೂಗೆ ಏನೂ ಆಗಲ್ಲ, ನಮ್ಮಜ್ಜಿ ಹಬ್ಬದ ದಿನ ಎಲ್ಲಾನೂ ಹೊಳೆಗೇ ಬಿಡೋಳು. ಹುಡುಗೀನ ಕೊಡ್ರಿ."

ಅಜ್ನೂರ್ ಬಿಡುತ್ತಾಳೆಯೇ? "ಮಾವಾ, ಹಬ್ಬದ ದಿನ ರಕ್ತ ಮರೆಯಲ್ಲ ಅಂತ ಕುರ್ಚಿ ಹತ್ತಿದ್ದೆ ನೀನು!" ಎಂದಳು.

"ರಕ್ತ ಮರೆಯಲ್ಲ ಕಣಮ್ಮಾ. ನಾನು ಮರೀತೀನಿ, ವಯಸ್ಸಾಯ್ತು" ಎಂದ.

ನೋಡು, ನಾನು ಕೇಳಿದ ಸುಳ್ಳನ್ನು ನೀನು ಬರೆದಿದ್ದರೆ ಆ ಹೊಳೆಯ ಸುದ್ದಿ ಬರುತ್ತಲೇ ಇರಲಿಲ್ಲ. ಹುಡುಗಿ ಜನ್ಮವಿಡೀ ಒಂದು ಸುಳ್ಳು ಸಾಲಿನ ಮೇಲೆ ನಿಂತಿರಬೇಕಿತ್ತು. ಇನ್ನು ನನ್ನದೊಂದು ಗುಟ್ಟು: ನೀನು ಅಲ್ಲಿಗೆ ಹೋದವಳಲ್ಲ ಎಂದು ನನಗೆ ಆಗಲೇ ಅನುಮಾನವಿತ್ತು. ತನ್ನೂರಿನ ಮರದ ಬಗ್ಗೆ ಯಾರಾದರೂ "ಇತ್ತು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆಯೇ? ನಾನು ಎಂದೂ ಕಾಣದ ಊರಿನ ಬಗ್ಗೆ ಗಂಟೆಗಟ್ಟಲೆ ಹೇಳಬಲ್ಲೆ.

ಕೂದಲು ಹೊಳೆಯ ಪಾಲು, ಮಗಳು ನಿನ್ನ ಪಾಲು,
ನನ್ನ ಪಾಲಿಗೆ ಉಳಿದದ್ದು ಹೊಲಿಗೆಯ ಸಾಲು.

ಕೆಂಪು ಬಟ್ಟೆ ಕಳಿಸು. ಒಳ್ಳೆಯದು. ಹತ್ತಿಕೊಳ್ಳದ ಜಾತಿ.

ನಿನ್ನ ಬೀಗಿತ್ತಿ ಎಲ್ಮಾಜಾ


ಲೆಸ್ಟರ್
14 ಸೆಪ್ಟೆಂಬರ್ 1997

ಬೀಗಿತ್ತಿ,

ಓದಿದೆ, ಅತ್ತೆ, ಮತ್ತೆ ಓದಿದೆ. ವಿಪುಲ ವ್ಯಾನಿಗೆ ಎಂಜಿನ್ ಹಾಕಿದ. ಹಾಕಿ ಗೇರ್ ತಪ್ಪಿಸಿ ಕಂಬಕ್ಕೆ ಗುದ್ದಿದ. ಯಾರೂ ಬೈಯಲಿಲ್ಲ, ಜಮನಾದಾಸ ಸಹ.

ಅಕ್ಟೋಬರ್ ಮೊದಲ ವಾರ ನಾವೆಲ್ಲ ಬರುತ್ತೇವೆ. ಬಟ್ಟೆಯನ್ನು ನಾನೇ ಹೊತ್ತು ತರುತ್ತೇನೆ, ಶೆನಾಯ್‌ಗೆಂದು ತೆಗೆದಿಟ್ಟ ಒಳ್ಳೆಯ ಕೆಂಪು. ಅಂಗಡಿಯ ತಾಜಮಹಲಿನ ಪಕ್ಕದಲ್ಲಿ ಜಿಂಜಾದ ನಮ್ಮ ಮನೆಯ ಚಿತ್ರ ತೂಗುಹಾಕಿದೆ. ಗಿರಾಕಿಗಳು ಕೇಳುತ್ತಾರೆ, ಹೇಳುತ್ತೇನೆ. ಮರದ ಬಗ್ಗೆಯೂ ಹೇಳುತ್ತೇನೆ, ಅವರು ಸಾಕು ಎನ್ನುವವರೆಗೆ.

ಒಂದೇ ಒಂದು ಸಣ್ಣ ಬೇಜಾರು. ನಾನು ಕಿರ್ವಿ ಆಗಿದ್ದೆನಲ್ಲ, ಆ ಪದವಿ ಹೋಯಿತು. ಕೆನಾನನ ಕೂದಲು ಎಷ್ಟು ಮೆತ್ತಗಿತ್ತು ಗೊತ್ತಾ?

ಸೊಸೆಯ ನಂಟು ಸಿಕ್ಕಿತು, ಕಿರ್ವಿತನ ಹೋಯಿತು,
ಒಂದು ಕಣ್ಣು ನಕ್ಕಿತು, ಇನ್ನೊಂದು ತೋಯಿತು.

ಭಾನು


ಶುಟ್ಕಾ
25 ಸೆಪ್ಟೆಂಬರ್ 1997

ಭಾನು,

ನಿನ್ನ ಪ್ರಾಸ ನನ್ನದಕ್ಕಿಂತ ಚೆನ್ನಾಗಿದೆ. ಇನ್ನು ಮುಂದೆ ನೀನು ಬಟ್ಟೆ ಮಾತ್ರ ಮಾರು.

ಕೆನಾನನ ಕೂದಲು ಮತ್ತೆ ಬೆಳೆದು ಕಣ್ಣಿಗೆ ಬೀಳುತ್ತಿದೆ. ನೀರಿಗೆ ಹೋದದ್ದು ಲೆಕ್ಕಕ್ಕಿಲ್ಲ, ಇನ್ನು ತೆಗೆಯುವುದೇ ಮೊದಲನೆಯದು ಎಂದು ಫೆರೂಜ್ ಮಾವ ತೀರ್ಪು ಕೊಟ್ಟಿದ್ದಾನೆ. ಮದುವೆಯ ಹಿಂದಿನ ದಿನ, ಅದೇ ಅಂಗಳದಲ್ಲಿ. ಅಜ್ನೂರ್ ಈ ಸಲ ಎರಡು ತಟ್ಟೆ ಹಿಡಿಯುತ್ತಾಳೆ. ಡೋಲಿನವನಿಗೆ ಸಿಗರೇಟು ಬಂದ್.

ಮುಂದಿನ ದಿಂಬು ನಿನಗೇ. ಆದರೆ ಕೂರಬೇಡ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಎರಡೂ ಕೈ ಕಟ್ಟಿಕೊಂಡು ನಿಂತಿರು. ನಾನು ಪಕ್ಕದಲ್ಲೇ ನಿಂತು ನಿನ್ನ ತೋಳು ಹಿಡಿದಿರುತ್ತೇನೆ.

ಎಲ್ಮಾಜಾ